ಅಂಗಳದಲ್ಲೊಂದು ಕಾಂಕಾರ್ಡ್ ಎಂಜಿನ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಒಂದೇ ವಿಷಯಕ್ಕೆ ಬಿಟ್ಟುಕೊಡಬೇಕಾಗಿ ಬಂದಿದೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪತ್ರವನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿ, ಉತ್ತರಕ್ಕೆ ಸ್ಥಳ ಸಾಲದೆಂದು ಮುಂದೂಡಿದ್ದೆವು. ಅಷ್ಟರೊಳಗೆ ಅದನ್ನು ಓದಿದ ಇತರರು ತಮ್ಮ ತಮ್ಮ ಕಲ್ಪನೆಗಳನ್ನೂ ಸೇರಿಸಿ ಬರೆದಿದ್ದಾರೆ. ಮೊದಲು ಮೂಲ ಪತ್ರ, ನಂತರ ಉಳಿದವು.

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಉದ್ಯೋಗದಲ್ಲಿದ್ದಾನೆ. ನಿವೃತ್ತ ಕಾಂಕಾರ್ಡ್ ವಿಮಾನದ ಎಂಜಿನ್ ಮಾರಾಟಕ್ಕಿದೆಯೆಂದು ಚಿತ್ರ ಕಳುಹಿಸಿ, "ಅಪ್ಪಯ್ಯ, ತೋಟಕ್ಕೆ ತಂದುಬಿಡೋಣ, ಕರೆಂಟೂ ಆಯಿತು, ಅಡಿಕೆ ಒಣಗಿಸುವುದೂ ಆಯಿತು" ಎಂದು ತಮಾಷೆ ಮಾಡಿದ್ದಾನೆ. ತಮಾಷೆ ಇರಲಿ, ಇಂಥ ಎಂಜಿನನ್ನು ಸಾಮಾನ್ಯರು ಕೊಳ್ಳಲು ನಿಜವಾಗಿ ಸಾಧ್ಯವೆ? ಕೊಂಡರೆ ಅದರಿಂದ ವಿದ್ಯುತ್ ತೆಗೆಯಬಹುದೆ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಕೊಳ್ಳುವುದು ಸಾಧ್ಯ. ಬ್ರಿಟನ್ ಮತ್ತು ಫ್ರಾನ್ಸ್ ಜೊತೆಗೂಡಿ ಕಟ್ಟಿದ, ಶಬ್ದಕ್ಕಿಂತ ವೇಗವಾಗಿ ಹಾರುವ (ಶಬ್ದಾತೀತ) ಪ್ರಯಾಣಿಕ ವಿಮಾನವಾದ ಕಾಂಕಾರ್ಡ್ 1969ರ ಮಾರ್ಚ್ 2ರಂದು ಮೊದಲ ಬಾರಿಗೆ ಹಾರಿತು, 1976ರ ಜನವರಿಯಲ್ಲಿ ಪ್ರಯಾಣಿಕರ ಸೇವೆಗೆ ಬಂದಿತು, 2003ರಲ್ಲಿ ಸೇವೆಯಿಂದ ಹೊರಬಿದ್ದಿತು. ಅದೇ ವರ್ಷದ ನವೆಂಬರಿನಲ್ಲಿ ಪ್ಯಾರಿಸ್‌ನಲ್ಲಿಯೂ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿಯೂ ಅದರ ಬಿಡಿಭಾಗಗಳ ಬಹಿರಂಗ ಹರಾಜು ನಡೆದು, ಲಂಡನ್ನಿನ ಹರಾಜಿನಲ್ಲಿ ವಿಮಾನದ ಮೂತಿಯ ಭಾಗವೊಂದೇ 3,20,000 ಪೌಂಡಿಗೆ ಹೋಯಿತು. ಊಟದ ತಟ್ಟೆ, ಚಮಚ, ಕುರ್ಚಿಗಳಿಗೂ ಜನರು ಮುಗಿಬಿದ್ದರು. ಒಟ್ಟು ಕಟ್ಟಿದ ವಿಮಾನಗಳು 20. ಒಂದೊಂದಕ್ಕೂ ನಾಲ್ಕು ಎಂಜಿನ್. ಅವುಗಳ ಜೊತೆಗೆ ದುರಸ್ತಿಯ ಸರದಿಗೆಂದು ಇಟ್ಟುಕೊಂಡಿದ್ದ ಹೆಚ್ಚುವರಿ ಎಂಜಿನುಗಳು. ಹೀಗಾಗಿ ಉಳಿದ ವಿಮಾನಗಳು ವಸ್ತುಸಂಗ್ರಹಾಲಯಗಳಿಗೋ ಪ್ರದರ್ಶನಕ್ಕೋ ಹೋದ ಮೇಲೆ ಎಂಜಿನುಗಳಲ್ಲಿ ಕೆಲವು ಖಾಸಗಿ ಕೈಗಳಿಗೆ ಹೋದದ್ದರಲ್ಲಿ ಆಶ್ಚರ್ಯವಿಲ್ಲ. ನಿಮ್ಮ ಮಗ ಇರುವ ಊರು ಬೇರೆ ಆ ಎಂಜಿನಿನ ತವರು. ‘ಒಲಿಂಪಸ್’ ಎಂಬ ಹೆಸರಿನ ಈ ವಂಶ ಬ್ರಿಸ್ಟಲ್‌ನಲ್ಲಿಯೇ 1950ರಲ್ಲಿ ಮೊದಲು ಉಸಿರಾಡಿತು; ವಲ್ಕನ್ ಎಂಬ ಬಾಂಬರ್ ವಿಮಾನವನ್ನು ಹಾರಿಸಿತು; ಬಳಿಕ ರೋಲ್ಸ್-ರಾಯ್ಸ್ ಮತ್ತು ಫ್ರಾನ್ಸಿನ ಸ್ನೆಕ್ಮಾ ಸಂಸ್ಥೆಗಳ ಕೈಯಲ್ಲಿ ‘ಒಲಿಂಪಸ್ 593’ ಆಗಿ ಕಾಂಕಾರ್ಡಿನ ರೆಕ್ಕೆಯ ಕೆಳಗೆ ಕುಳಿತಿತು.

ಬರಿಯ ಎಂಜಿನಿನ ಉದ್ದ ಸುಮಾರು 4 ಮೀಟರ್, ಅಡ್ಡಳತೆ 1.2 ಮೀಟರ್, ತೂಕ ಸುಮಾರು 3.2 ಟನ್. ಒಂದು ಸಾಧಾರಣ ಲಾರಿಯಲ್ಲಿ ಸುಲಭವಾಗಿ ಬರುತ್ತದೆ. ಇಷ್ಟು ಚಿಕ್ಕ ವಸ್ತು ಕೊಡುತ್ತಿದ್ದ ನೂಕುಬಲ 14 ಟನ್. ಹಿಂಬದಿಯಲ್ಲಿ ಮತ್ತೊಮ್ಮೆ ಇಂಧನ ಚಿಮ್ಮಿಸಿ ಉರಿಸುವ ‘ರೀಹೀಟ್’ ಹಚ್ಚಿದರೆ 17 ಟನ್. ಸೆಕೆಂಡಿಗೆ ಅದು ಒಳಗೆ ಎಳೆದುಕೊಳ್ಳುವ ಗಾಳಿ ಸುಮಾರು 186 ಕಿಲೋಗ್ರಾಂ, ಅಂದರೆ 150 ಘನ ಮೀಟರಿಗೂ ಹೆಚ್ಚು. ಮಧ್ಯಮ ಗಾತ್ರದ ಮನೆಯೊಂದರ ಎಲ್ಲ ಕೋಣೆಗಳ ಗಾಳಿಯನ್ನು ಎರಡು ಸೆಕೆಂಡಿನಲ್ಲಿ ಹೀರಿ ಮುಗಿಸುವ ಬಾಯಿ ಅದು. ತೋಟದಲ್ಲಿ ಬಿದ್ದ ಸೋಗೆ, ಹಾಳೆ, ಒಣಹಾಕಿದ ಬಟ್ಟೆಗಳ ಗತಿಯನ್ನು ನೀವೇ ಊಹಿಸಿಕೊಳ್ಳಿ.

ಈಗ ವಿದ್ಯುತ್ತಿನ ವಿಚಾರ. ಇಲ್ಲಿ ಬಹಳ ಜನ ಎಡವುತ್ತಾರೆ. ಪಂಪ್‌ಸೆಟ್ಟಿನ ಡೀಸೆಲ್ ಎಂಜಿನಿಗೆ ಹೊರಗೆ ಚಾಚಿದ ಒಂದು ಶಾಫ್ಟ್ ಇರುತ್ತದೆ; ಅದಕ್ಕೆ ಬೆಲ್ಟು ಹಾಕಿ ಏನನ್ನು ಬೇಕಾದರೂ ತಿರುಗಿಸಬಹುದು. ಜೆಟ್ ಎಂಜಿನಿಗೆ ಅಂಥದ್ದು ಇಲ್ಲ. ಮುಂದಿನ ಕಂಪ್ರೆಸರ್ ಗಾಳಿಯನ್ನು ಒತ್ತಿ ಕಿರಿದಾಗಿಸುತ್ತದೆ, ನಡುವಿನ ದಹನ ಕೊಠಡಿಯಲ್ಲಿ ಸೀಮೆಎಣ್ಣೆಯ ಜಾತಿಯ ಇಂಧನ ಉರಿಯುತ್ತದೆ, ಹಿಂದಿನ ಟರ್ಬೈನ್ ಎಂಬ ಅಲಗುಗಳ ಚಕ್ರ ಆ ಬಿಸಿಗಾಳಿಯಿಂದ ಕಂಪ್ರೆಸರನ್ನು ತಿರುಗಿಸಲು ಬೇಕಾದಷ್ಟು ಶಕ್ತಿಯನ್ನು ಮಾತ್ರ ಕಿತ್ತುಕೊಂಡು ಉಳಿದದ್ದನ್ನು ಹಿಂದಕ್ಕೆ ಬಿಟ್ಟುಬಿಡುತ್ತದೆ. ಆ ಬಿಟ್ಟ ಗಾಳಿಯ ರಭಸವೇ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಎಂಜಿನಿನೊಳಗೆ ತಿರುಗುವುದೆಲ್ಲ ತನ್ನ ಉಸಿರಾಟಕ್ಕಾಗಿಯೇ ತಿರುಗುತ್ತದೆ. ನಿಮ್ಮ ಗಾಣಕ್ಕೆ ಕಟ್ಟಲು ನೊಗವೇ ಇಲ್ಲ.

ನೊಗ ಬೇಕೆಂದರೆ ಎಂಜಿನಿನ ಹಿಂದೆ, ಅದರ ಶಾಫ್ಟಿಗೆ ಸಂಬಂಧವಿಲ್ಲದಂತೆ, ಇನ್ನೊಂದು ದೊಡ್ಡ ಟರ್ಬೈನನ್ನು ನಿಲ್ಲಿಸಿ ಆ ರಭಸವನ್ನು ಅದರ ಅಲಗುಗಳ ಮೇಲೆ ಹಾಯಿಸಬೇಕು. ಇದು ಕಲ್ಪನೆಯಲ್ಲ, ಒಲಿಂಪಸ್ ವಂಶದಲ್ಲಿಯೇ ನಡೆದ ಕೆಲಸ. 1962ರಲ್ಲಿ ಇಂಗ್ಲೆಂಡಿನ ಹ್ಯಾಮ್ಸ್ ಹಾಲ್ ವಿದ್ಯುತ್ ಕೇಂದ್ರದಲ್ಲಿ ಬಾಂಬರ್ ವಿಮಾನದ ಒಲಿಂಪಸ್ ಎಂಜಿನಿನ ಹಿಂದೆ ಎರಡು ಹಂತದ, ಅಂದರೆ ಎರಡು ಸಾಲು ಅಲಗುಗಳ, ಟರ್ಬೈನ್ ಇಟ್ಟು, ಅದಕ್ಕೆ ಆಲ್ಟರ್ನೇಟರ್ ಜೋಡಿಸಿ 20 ಮೆಗಾವಾಟ್ ವಿದ್ಯುತ್ ತೆಗೆದರು. 1972ರ ಹೊತ್ತಿಗೆ ಅಲ್ಲಿನ ವಿದ್ಯುತ್ ಮಂಡಳಿ ಇಂಥ 42 ಘಟಕಗಳನ್ನು ಹಾಕಿಕೊಂಡಿತ್ತು. ಕಲ್ಲಿದ್ದಲಿನ ದೊಡ್ಡ ಸ್ಥಾವರ ಒಮ್ಮೆ ಪೂರ್ತಿ ನಿಂತುಹೋದರೆ ಅದನ್ನು ಮತ್ತೆ ಎಬ್ಬಿಸುವುದಕ್ಕೇ ವಿದ್ಯುತ್ ಬೇಕು. ನಿಮಿಷಗಳಲ್ಲಿ ಚಾಲೂ ಆಗುವ ಜೆಟ್ ಎಂಜಿನ್ ಆ ಹೊತ್ತಿನ ಆಪದ್ಬಂಧು. ಇದೇ ವಂಶದ ಹಡಗಿನ ಎಂಜಿನುಗಳು ಬ್ರಿಟಿಷ್ ನೌಕಾಪಡೆಯ ‘ಇನ್ವಿನ್ಸಿಬಲ್’ ವಿಮಾನವಾಹಕ ನೌಕೆಯಲ್ಲಿ ನಾಲ್ಕಿದ್ದವು. ನಮ್ಮಲ್ಲಿಯೂ ಈ ಕಸುಬು ಅಪರಿಚಿತವಲ್ಲ. ಐಎನ್ಎಸ್ ವಿಕ್ರಾಂತ್‌ನ ನಾಲ್ಕು ಎಲ್ಎಂ 2500 ಗ್ಯಾಸ್ ಟರ್ಬೈನುಗಳೂ ಮೂಲತಃ ವಿಮಾನದ ಎಂಜಿನಿನಿಂದ ಹುಟ್ಟಿದವು; ಆ ಬಗೆಯ ಟರ್ಬೈನುಗಳ ಕೆಲಸ ನೋಡಿಕೊಳ್ಳುವ ಎಚ್‌ಎಎಲ್ ವಿಭಾಗ ಬೆಂಗಳೂರಿನಲ್ಲಿದೆ.

ಹಾಗಾದರೆ ನಿಮ್ಮ ತೋಟದಲ್ಲಿ? 20 ಮೆಗಾವಾಟ್ ಎಂದರೆ ಐದು ಎಚ್‌ಪಿಯ ಐದು ಸಾವಿರಕ್ಕೂ ಹೆಚ್ಚು ಪಂಪ್‌ಸೆಟ್ಟುಗಳನ್ನು ಒಟ್ಟಿಗೆ ನಡೆಸುವ ಶಕ್ತಿ. ಉರಿದ ಇಂಧನದ ಶಾಖದಲ್ಲಿ ನೂರಕ್ಕೆ ಇಪ್ಪತ್ತೆಂಟು ಭಾಗ ವಿದ್ಯುತ್ತಾಗುತ್ತದೆಂದು ಹಿಡಿದು ನಾನು ಲೆಕ್ಕ ಹಾಕಿದಂತೆ ಗಂಟೆಗೆ 7,000 ಲೀಟರಿಗೂ ಹೆಚ್ಚು ಇಂಧನ ಬೇಕಾಗುತ್ತದೆ. ಲೀಟರಿಗೆ ತೊಂಬತ್ತು ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ ಆರು ಲಕ್ಷ ರೂಪಾಯಿ ದಾಟುತ್ತದೆ, ಯೂನಿಟ್ಟಿಗೆ ಮೂವತ್ತು ರೂಪಾಯಿಯ ಮೇಲೆ ಬೀಳುತ್ತದೆ. ಕಡಿಮೆ ಶಕ್ತಿ ಸಾಕು, ನಿಧಾನವಾಗಿ ಓಡಿಸುತ್ತೇನೆ ಎನ್ನುವಂತೆಯೂ ಇಲ್ಲ. ಕಾಂಕಾರ್ಡ್ ನಿಲ್ದಾಣದ ಕಟ್ಟಡದಿಂದ ರನ್‌ವೇ ತುದಿಗೆ ತೆವಳಿಕೊಂಡು ಹೋಗುವಷ್ಟರಲ್ಲಿಯೇ ಎರಡು ಟನ್ ಇಂಧನ ಕುಡಿಯುತ್ತಿತ್ತು. ಜೆಟ್ ಎಂಜಿನ್ ಸುಮ್ಮನೆ ಕುಳಿತಾಗಲೂ ಹಸಿದೇ ಇರುತ್ತದೆ.

ಇದರ ಮೇಲೆ ಕಾಂಕಾರ್ಡಿನ ಎಂಜಿನಿಗೇ ಸೇರಿದ ಒಂದು ತೊಡಕಿದೆ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಅತ್ಯಂತ ಸ್ವಾರಸ್ಯದ ಸಂಗತಿಯೂ ಅದೇ. ಶಬ್ದದ ಎರಡರಷ್ಟು ವೇಗದಲ್ಲಿ ಹಾರುವಾಗ ಗಂಟೆಗೆ 2,100 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಎದುರಾಗುವ ಗಾಳಿಯನ್ನು ಯಾವ ಕಂಪ್ರೆಸರೂ ನೇರವಾಗಿ ನುಂಗಲಾರದು. ಆದ್ದರಿಂದ ಎಂಜಿನಿನ ಮುಂದೆ ಉದ್ದನೆಯ ಪೆಟ್ಟಿಗೆಯಂಥ ಗಾಳಿದಾರಿಯೊಂದನ್ನು ಕಟ್ಟಿದ್ದರು. ಅದರೊಳಗಿನ ಚಲಿಸುವ ಇಳಿಜಾರು ಹಲಗೆಗಳು ಆಘಾತ ತರಂಗಗಳನ್ನು (ಶಬ್ದವನ್ನು ಮೀರಿದ ವೇಗದಲ್ಲಿ ಏಳುವ ಒತ್ತಡದ ಅಲೆಗಳನ್ನು) ಬೇಕಾದ ಜಾಗದಲ್ಲಿ ನಿಲ್ಲಿಸಿ, ಗಾಳಿಯನ್ನು ಶಬ್ದದ ಅರ್ಧ ವೇಗಕ್ಕೆ ಇಳಿಸುತ್ತಿದ್ದವು. ವೇಗ ಕಳೆದುಕೊಂಡ ಗಾಳಿ ಒತ್ತಡವನ್ನು ಗಳಿಸುತ್ತದೆ. ಎಂಜಿನ್ ತಾನಾಗಿ ಗಾಳಿಯನ್ನು ಹದಿನೈದೂವರೆ ಪಟ್ಟು ಮಾತ್ರ ಒತ್ತಬಲ್ಲದು. ಗಾಳಿದಾರಿಯ ಕೊಡುಗೆಯೂ ಸೇರಿದಾಗ ಒಟ್ಟು ಒತ್ತಡ 80 ಪಟ್ಟಿಗೆ ಏರುತ್ತಿತ್ತು. ಆ ಹಾರಾಟದ ಸ್ಥಿತಿಯಲ್ಲಿ ವಿಮಾನದ ಮೇಲೆ ಬೀಳುತ್ತಿದ್ದ ನೂಕುಬಲವನ್ನು ಪಾಲು ಮಾಡಿದರೆ ಗಾಳಿದಾರಿಯದು ನೂರಕ್ಕೆ 63, ಹಿಂದಿನ ನಳಿಕೆಯದು 29, ನಡುವಿನ ಎಂಜಿನಿನದು ಬರೀ 8. ಎಂಜಿನ್ ಇಲ್ಲದಿದ್ದರೆ ಉಳಿದೆರಡೂ ನಡೆಯವು ಎಂಬುದು ನಿಜ, ಆದರೆ ಮಾರಾಟಕ್ಕೆ ಬರುವುದು ಆ ನಡುವಿನ ತುಂಡು ಮಾತ್ರ. ಈ ಎಂಜಿನ್ ಜಗತ್ತಿನಲ್ಲಿ ಅತ್ಯಂತ ದಕ್ಷ ಜೆಟ್ ಎಂಜಿನುಗಳಲ್ಲಿ ಒಂದೆಂದು ಹೆಸರಾದದ್ದು, 18 ಕಿಲೋಮೀಟರ್ ಎತ್ತರ ಮತ್ತು ಆ ವೇಗ ಎರಡೂ ಕೈಹಿಡಿದಾಗ. ತೀರ್ಥಹಳ್ಳಿಯ ಅಂಗಳದಲ್ಲಿ ನಿಂತಲ್ಲೇ ನಿಂತ ಒಲಿಂಪಸ್ 593 ತನ್ನ ಗುಣವನ್ನೆಲ್ಲ ಊರಲ್ಲಿ ಬಿಟ್ಟು ಬಂದ ನೆಂಟನ ಹಾಗೆ.

ಅಡಿಕೆ ಒಣಗಿಸುವ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅಡಿಕೆಗೆ ಬೇಕಾದದ್ದು ಹದವಾದ ಬಿಸಿ. ಎಂಜಿನಿನ ಬೆನ್ನಿಂದ ಬರುವುದು ನೂರಾರು ಡಿಗ್ರಿಯ ಬಿರುಗಾಳಿ. ಬೇಳೆ ಒಣಗುವುದಿಲ್ಲ, ಅಂಗಳ ದಾಟಿ ಹೋಗುತ್ತದೆ. ಆದರೆ ಜೆಟ್ ಎಂಜಿನಿನಿಂದ ಒಣಗಿಸುವ ಕೆಲಸ ಪ್ರಪಂಚದಲ್ಲಿ ಇಲ್ಲದೇ ಇಲ್ಲ. ರಷ್ಯಾದಲ್ಲಿ ಹಳೆಯ ಯುದ್ಧವಿಮಾನಗಳ ಎಂಜಿನನ್ನು ಲಾರಿಗೆ ಕಟ್ಟಿ ರನ್‌ವೇ ಮೇಲಿನ ಹಿಮ ಕರಗಿಸಿದ್ದಾರೆ. ಅಮೆರಿಕದಲ್ಲಿ ಮಳೆ ಬಂದ ರೇಸ್ ಪಥವನ್ನು ಇದೇ ರೀತಿ ಒಣಗಿಸಿದ್ದಾರೆ.

ಪ್ರಶ್ನೆ: ಮೂರು ಟನ್ ತೂಕದ ಎಂಜಿನಿಗೆ ಹದಿನೇಳು ಟನ್ ನೂಕುಬಲವಿದ್ದರೆ ಅದನ್ನು ಒಂದು ವಾಹನಕ್ಕೆ ಕಟ್ಟಿದರೆ ಏನಾಗುತ್ತದೆ? ಯಾರಾದರೂ ಹಳೆಯ ಎಂಜಿನ್ ಕೊಂಡು ಹಾಗೆ ಮಾಡಿದ್ದಾರೆಯೆ?
– ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಮಾಡಿದ್ದಾರೆ. ಗುಜರಿಯಿಂದ ತಂದ ಶಬ್ದಾತೀತ ಎಂಜಿನ್ ಎಂದರೆ ಮೊದಲು ನೆನಪಾಗಬೇಕಾದ ಹೆಸರು ಅಮೆರಿಕದ ಒಹಾಯೊ ರಾಜ್ಯದ ಆರ್ಟ್ ಆರ್ಫನ್ಸ್. 1960ರ ದಶಕದ ಆರಂಭದಲ್ಲಿ ಅವರು ಗುಜರಿ ವ್ಯಾಪಾರಿಯೊಬ್ಬನಿಂದ ಜೆ79 ಎಂಜಿನನ್ನು 600 ಡಾಲರಿಗೆ ಕೊಂಡರು. ಅದು ಸ್ಟಾರ್‌ಫೈಟರ್ ಎಂಬ, ಶಬ್ದದ ಎರಡರಷ್ಟು ವೇಗದ ಯುದ್ಧವಿಮಾನದ ಎಂಜಿನ್. ಆ ಕಾಲಕ್ಕೆ ಇನ್ನೂ ಸೇನೆಯ ರಹಸ್ಯಗಳ ಪಟ್ಟಿಯಲ್ಲಿದ್ದದ್ದು. ಯಾವುದೋ ಬೋಲ್ಟು ಒಳಗೆ ನುಗ್ಗಿ ಅಲಗುಗಳು ಹಾಳಾಗಿದ್ದುದರಿಂದ ಅದನ್ನು ಗುಜರಿಗೆ ಹಾಕಿದ್ದರು. ಎಂಜಿನ್ ತಯಾರಿಸಿದ ಕಂಪನಿ, ಸರ್ಕಾರ ಎರಡಕ್ಕೂ ಒಪ್ಪಿಗೆಯಿರಲಿಲ್ಲ. ಆರ್ಫನ್ಸ್ ತಾವೇ ಕುಳಿತು ರಿಪೇರಿ ಮಾಡಿ, ಮನೆಯ ಹಿತ್ತಿಲಿನ ಮರಗಳಿಗೆ ಎಂಜಿನನ್ನು ಕಟ್ಟಿ ಚಾಲೂ ಮಾಡಿ ನೋಡಿದರು. ನೆರೆಹೊರೆಯವರು ದೂರು ಕೊಟ್ಟರು ಎಂಬುದನ್ನು ಪ್ರತ್ಯೇಕವಾಗಿ ಹೇಳಬೇಕಿಲ್ಲವಷ್ಟೆ.

ಆ ಎಂಜಿನಿನ ಸುತ್ತ ಕಟ್ಟಿದ ‘ಗ್ರೀನ್ ಮಾನ್‌ಸ್ಟರ್’ ಎಂಬ ವಾಹನ 1964 ಮತ್ತು 1965ರಲ್ಲಿ ಮೂರು ಬಾರಿ ನೆಲದ ಮೇಲಿನ ವೇಗದ ವಿಶ್ವದಾಖಲೆ ಮಾಡಿತು. ಕೊನೆಯದು ಗಂಟೆಗೆ ಸುಮಾರು 928 ಕಿಲೋಮೀಟರ್. ಎಂಟೇ ದಿನಗಳಲ್ಲಿ ಅವರ ಪ್ರತಿಸ್ಪರ್ಧಿ ಕ್ರೇಗ್ ಬ್ರೀಡ್‌ಲವ್ ಅದೇ ಜಾತಿಯ ಎಂಜಿನಿನಿಂದಲೇ ಅದನ್ನು ಮೀರಿಸಿದರು. ಮರುವರ್ಷ ಬಾನ್‌ವಿಲ್ ಉಪ್ಪುಬಯಲಿನಲ್ಲಿ ಆರ್ಫನ್ಸ್ ಅವರ ವಾಹನ ಅದೇ ಆಸುಪಾಸಿನ ವೇಗದಲ್ಲಿ ಚೂರುಚೂರಾಯಿತು. ಅವರು ಬದುಕಿ ಬಂದದ್ದು ಪುಣ್ಯ. 1983ರಲ್ಲಿ ದಾಖಲೆ ಮುರಿದ ಬ್ರಿಟನ್ನಿನ ‘ಥ್ರಸ್ಟ್ 2’ರಲ್ಲಿ ಲೈಟ್ನಿಂಗ್ ಯುದ್ಧವಿಮಾನದ ಏವನ್ ಎಂಜಿನ್ ಇತ್ತು, ವೇಗ 1,019 ಕಿಲೋಮೀಟರ್. 1997ರ ಅಕ್ಟೋಬರ್ 15ರಂದು ನೆವಾಡದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಆ್ಯಂಡಿ ಗ್ರೀನ್ ‘ಥ್ರಸ್ಟ್ ಎಸ್ಎಸ್‌ಸಿ’ಯನ್ನು ಗಂಟೆಗೆ 1,228 ಕಿಲೋಮೀಟರ್ ವೇಗದಲ್ಲಿ ಓಡಿಸಿ ನೆಲದ ಮೇಲೆಯೇ ಶಬ್ದದ ವೇಗವನ್ನು ದಾಟಿದರು. ಅದರ ಎರಡು ಸ್ಪೇ ಎಂಜಿನುಗಳು ಫ್ಯಾಂಟಮ್ ಯುದ್ಧವಿಮಾನದ ಬಗೆಯವು.

ಇವರೆಲ್ಲರ ಮುಂದೆ ಹತ್ತಾರು ಕಿಲೋಮೀಟರ್ ಉದ್ದದ, ಹಪ್ಪಳದಂತೆ ಮಟ್ಟಸವಾದ ಬಯಲಿತ್ತು. ಎಂಜಿನ್ ಸಿಕ್ಕುವುದು ಕಷ್ಟವಾಗಲಿಲ್ಲ. ನೆಲಕ್ಕೆ ಅಂಟಿಕೊಂಡು ನೇರ ಓಡುವ ಚೌಕಟ್ಟು, ಆ ವೇಗಕ್ಕೆ ಸಿಡಿಯದ ಚಕ್ರ, ನಿಲ್ಲಿಸುವ ಪ್ಯಾರಾಚೂಟ್, ಇವಕ್ಕೆ ವರ್ಷಗಳು ಹಿಡಿದವು. ನಿಮಗೆ ಕೈಯಾರೆ ಏನನ್ನಾದರೂ ಮಾಡಿನೋಡಬೇಕೆಂಬ ಆಸೆಯಿದ್ದರೆ ಲಾರಿಯ ಹಳೆಯ ಟರ್ಬೋಚಾರ್ಜರಿಗೆ ದಹನ ಕೊಠಡಿ ಜೋಡಿಸಿ ಪುಟ್ಟ ಜೆಟ್ ಎಂಜಿನ್ ಕಟ್ಟುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಕಂಪ್ರೆಸರ್ ಮತ್ತು ಟರ್ಬೈನ್ ಎರಡೂ ಒಂದೇ ಶಾಫ್ಟಿನ ಮೇಲೆ ಸಿದ್ಧವಾಗಿಯೇ ಸಿಗುತ್ತವೆ. ಅಲಗು ಸಿಡಿದರೆ ಗುಂಡಿನಂತೆ ಹಾರುತ್ತದೆ, ಆದ್ದರಿಂದ ಅಧ್ಯಾಪಕರ ಕಣ್ಣಳತೆಯಲ್ಲಿ, ಕಾಲೇಜಿನ ಪರೀಕ್ಷಾ ಕೊಠಡಿಯಲ್ಲಿ ಮಾತ್ರ ಅದನ್ನು ಮಾಡಿ.

ಪ್ರಶ್ನೆ: ಎಂಜಿನನ್ನು ಓಡಿಸುವ ಗೋಜು ಬೇಡ. ಕರಗಿಸಿ ಲೋಹ ಮಾರಿದರೆ ಲಾಭವಿಲ್ಲವೆ? ಟೈಟಾನಿಯಂ ಇರುತ್ತದೆಯಂತಲ್ಲ.
– ಫೌಂಡ್ರಿ ಮಾಲೀಕರು, ಉದ್ಯಮಬಾಗ್, ಬೆಳಗಾವಿ

ಉತ್ತರ: ಟೈಟಾನಿಯಂ ಇದೆ, ಆದರೆ ನಿಮ್ಮ ಕುಲುಮೆಗೆ ಅದು ಒಗ್ಗುವುದಿಲ್ಲ. ಬಿಸಿಯೇರಿದ ಟೈಟಾನಿಯಂ ಗಾಳಿಯಲ್ಲಿರುವ ಆಮ್ಲಜನಕ, ಸಾರಜನಕ ಎರಡನ್ನೂ ಹೀರಿಕೊಂಡು ಪೆಡಸಾಗಿಬಿಡುತ್ತದೆ; ಅದನ್ನು ನಿರ್ವಾತದಲ್ಲಿ ಕರಗಿಸಬೇಕು. ಒಲಿಂಪಸ್ 593ರಲ್ಲಿ ಕಂಪ್ರೆಸರಿನ ಕೊನೆಯ ಹಂತಗಳು ಟೈಟಾನಿಯಂನವೂ ಅಲ್ಲ. ಶಬ್ದಾತೀತ ಹಾರಾಟದಲ್ಲಿ ಎಂಜಿನನ್ನು ತಲುಪುವ ಗಾಳಿಯೇ ನೂರು ಡಿಗ್ರಿ ದಾಟಿರುತ್ತದೆ. ಕಂಪ್ರೆಸರಿನಿಂದ ಹೊರಡುವ ಹೊತ್ತಿಗೆ ಅದು 550 ಡಿಗ್ರಿಯ ಸುಮಾರಿಗೆ ಏರಿರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಟರ್ಬೈನಿಗೆ ಮಾತ್ರ ಬಳಸುವ ನಿಕಲ್ ಮಿಶ್ರಲೋಹವನ್ನು ಅಲ್ಲಿಯೂ ಹಾಕಬೇಕಾಯಿತು. ಈ ಮಿಶ್ರಲೋಹಗಳನ್ನು ಬೇರ್ಪಡಿಸಿ, ಯಾವುದು ಯಾವ ದರ್ಜೆಯದೆಂದು ಖಾತ್ರಿಪಡಿಸದ ಹೊರತು ಒಳ್ಳೆಯ ಬೆಲೆ ಹುಟ್ಟುವುದಿಲ್ಲ.

ಎಚ್ಚರಿಕೆಯ ಮಾತೊಂದಿದೆ. ಆ ಕಾಲಮಾನದ ಕೆಲವು ಜೆಟ್ ಎಂಜಿನುಗಳ ಕವಚಗಳಲ್ಲಿ ಶಾಖ ತಡೆಯಲೆಂದು ಮೆಗ್ನೀಸಿಯಂ–ಥೋರಿಯಂ ಮಿಶ್ರಲೋಹ ಬಳಸುತ್ತಿದ್ದರು. ಥೋರಿಯಂ ಅಲ್ಪ ಪ್ರಮಾಣದಲ್ಲಿ ವಿಕಿರಣ ಸೂಸುವ ಧಾತು; ಸುಮ್ಮನಿದ್ದಾಗ ಭಯವಿಲ್ಲ, ಕೊರೆದು ಉಜ್ಜಿ ಧೂಳೆಬ್ಬಿಸಿದರೆ ಶ್ವಾಸಕೋಶಕ್ಕೆ ಅಪಾಯ. ಮೆಗ್ನೀಸಿಯಂ ಬೆಂಕಿಗೆ ನೀರು ಹಾಕಬಾರದು ಎಂಬುದನ್ನು ಫೌಂಡ್ರಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ. ಯಾವುದೇ ಹಳೆಯ ಎಂಜಿನನ್ನು ಕತ್ತರಿಸುವ ಮೊದಲು ವಿಕಿರಣ ಮಾಪಕವೊಂದನ್ನು ಅದರ ಸುತ್ತ ಆಡಿಸಿ ನೋಡಿ.

ಪ್ರಶ್ನೆ: ಮಿಗ್-21 ವಿಮಾನಗಳೂ ನಿವೃತ್ತವಾದವಲ್ಲ, ಆ ಎಂಜಿನುಗಳಿಂದ ನಮ್ಮ ದೇಶಕ್ಕೆ ಏನಾದರೂ ಉಪಯೋಗವಿದೆಯೆ?
– ನಿವೃತ್ತ ವಾಯುಪಡೆ ತಂತ್ರಜ್ಞರು, ಜಾಲಹಳ್ಳಿ, ಬೆಂಗಳೂರು

ಉತ್ತರ: ನೀವು ಆ ಎಂಜಿನುಗಳನ್ನು ಕೈಯಿಂದ ಮುಟ್ಟಿದವರು, ನಾನು ಪುಸ್ತಕದಲ್ಲಿ ನೋಡಿದವನು, ಆದರೂ ಕೇಳಿದ್ದರಿಂದ ಹೇಳುತ್ತೇನೆ. 1963ರಲ್ಲಿ ವಾಯುಪಡೆಗೆ ಬಂದ ಮಿಗ್-21ಕ್ಕೆ 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ವಿದಾಯ ಹೇಳಿದರು. ಅದರ ಎಂಜಿನುಗಳು ಒಡಿಶಾದ ಕೋರಾಪುಟ್‌ನ ಎಚ್‌ಎಎಲ್ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದವು. ಮಿಗ್-21ರ ಎಂಜಿನಿಗೆ ಸಿಕ್ಕಿದ ಅತ್ಯುತ್ತಮ ಎರಡನೆಯ ಜನ್ಮ ಹಂಗೇರಿಯಲ್ಲಿ ಆಯಿತು. ಅಲ್ಲಿನವರು ಎರಡನೆಯ ಮಹಾಯುದ್ಧದ ಕಾಲದ ಟಿ-34 ಟ್ಯಾಂಕಿನ ಫಿರಂಗಿ ಗೋಪುರವನ್ನು ತೆಗೆದು, ಆ ಜಾಗದಲ್ಲಿ ಎರಡು ಮಿಗ್-21 ಎಂಜಿನುಗಳನ್ನು ಜೋಡಿಯಾಗಿ ಕೂರಿಸಿ, ಅವುಗಳ ಮೇಲೆ ನೀರಿನ ಕೊಳವೆಗಳನ್ನು ಇಟ್ಟರು. ‘ಬಿಗ್ ವಿಂಡ್’ ಎಂದು ಹೆಸರಾದ ಈ ಯಂತ್ರವನ್ನು 1991ರಲ್ಲಿ ಕುವೈತ್‌ಗೆ ಒಯ್ದರು. ಹಿಂದಕ್ಕೆ ಸರಿಯುತ್ತಿದ್ದ ಇರಾಕಿ ಸೈನ್ಯ ಅಲ್ಲಿ ಆರುನೂರಕ್ಕೂ ಹೆಚ್ಚು ತೈಲಬಾವಿಗಳಿಗೆ ಬೆಂಕಿಯಿಟ್ಟು ಹೋಗಿತ್ತು.

ತೈಲಬಾವಿಯ ಬೆಂಕಿಗೆ ಮೇಲಿನಿಂದ ನೀರು ಸುರಿದರೆ ಪ್ರಯೋಜನ ಕಡಿಮೆ, ಏಕೆಂದರೆ ಕೆಳಗಿನಿಂದ ಎಣ್ಣೆ ಚಿಮ್ಮುತ್ತಲೇ ಇರುತ್ತದೆ. ಜೆಟ್ ಎಂಜಿನಿನ ರಭಸ ನೀರನ್ನು ಮಂಜಿನಂತೆ ಒಡೆದು, ಚಿಮ್ಮುವ ಎಣ್ಣೆಯ ಬುಡಕ್ಕೆ ಹೊಡೆಯುತ್ತದೆ. ದೀಪವನ್ನು ಉಫ್ ಎಂದು ಊದಿ ಆರಿಸಿದಂತೆ ಜ್ವಾಲೆ ಎಣ್ಣೆಯಿಂದ ಬೇರ್ಪಡುತ್ತದೆ, ಸುತ್ತಲಿನ ಕಾದ ಲೋಹವನ್ನು ಮಂಜು ತಣಿಸುವುದರಿಂದ ಮತ್ತೆ ಹೊತ್ತಿಕೊಳ್ಳುವುದಿಲ್ಲ. ಎಂಜಿನಿನ ಮುಂದೆ ಗಾಳಿದಾರಿ ಬೇಡ, ಹಿಂದೆ ಇನ್ನೊಂದು ಟರ್ಬೈನ್ ಬೇಡ. ಅದಕ್ಕೆ ಸಹಜವಾಗಿ ಬರುವ ವಿದ್ಯೆ ಊದುವುದು; ಊದುವುದನ್ನೇ ಇಲ್ಲಿ ಕೆಲಸವಾಗಿ ಕೊಟ್ಟರು. ನಿವೃತ್ತ ಎಂಜಿನಿನ ಬಗ್ಗೆ ನಾನು ಓದಿದ ಉಪಯೋಗಗಳಲ್ಲಿ ಇದಕ್ಕಿಂತ ಸಮರ್ಪಕವಾದದ್ದು ಕಂಡಿಲ್ಲ. ನಮ್ಮಲ್ಲಿ ಮಿಗ್ ವಿಮಾನಗಳನ್ನು ಕಾಲೇಜುಗಳ, ವೃತ್ತಗಳ ಮುಂದೆ ಕಂಬದ ಮೇಲೆ ನಿಲ್ಲಿಸುವುದೇ ಹೆಚ್ಚು. ಎಂಜಿನಿನ ಬಗ್ಗೆ ಹೀಗೆ ಯೋಚಿಸಿದವರು ಕಡಿಮೆ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಎಂಜಿನಿನ ಮೇಲೆ ಗಾಜು ಹಾಕಿ ಊಟದ ಮೇಜು ಮಾಡಿದರೆ ಹೇಗೆ?
– ಗೃಹಿಣಿ, ಕದ್ರಿ, ಮಂಗಳೂರು

ಉತ್ತರ: ಮೇಜಿನ ಎತ್ತರ ಮುಕ್ಕಾಲು ಮೀಟರ್, ಎಂಜಿನಿನ ಎತ್ತರ 1.2 ಮೀಟರ್, ನಿಂತು ಉಣ್ಣಬೇಕಾಗುತ್ತದೆ. ಕಂಪ್ರೆಸರಿನ ಒಂದು ಚಕ್ರವನ್ನು ಮಾತ್ರ ಬಿಡಿಸಿ ಅದರ ಮೇಲೆ ಗಾಜು ಕೂರಿಸಿ ಟೀಪಾಯಿ ಮಾಡಿ ಮಾರುವವರು ವಿದೇಶಗಳಲ್ಲಿದ್ದಾರೆ, ನೋಡಲು ಸೊಗಸಾಗಿಯೂ ಇರುತ್ತದೆ. ಮಕ್ಕಳಿರುವ ಮನೆಯಲ್ಲಿ ಅಲಗುಗಳ ಅಂಚನ್ನು ಮರೆಯಬೇಡಿ.

ಪ್ರಶ್ನೆ: ಕಾಂಕಾರ್ಡ್ ಎಂಜಿನ್ ಅಷ್ಟೊಂದು ಸದ್ದು ಮಾಡುತ್ತಿದ್ದದ್ದು ಏಕೆ? ಈಗಿನ ವಿಮಾನಗಳು ಅವಕ್ಕಿಂತ ದೊಡ್ಡವಿದ್ದರೂ ಸದ್ದು ಕಡಿಮೆಯಲ್ಲವೆ?
– ಹತ್ತನೆಯ ತರಗತಿ ವಿದ್ಯಾರ್ಥಿನಿ, ಚಿತ್ರದುರ್ಗ

ಉತ್ತರ: ಒಳ್ಳೆಯ ಪ್ರಶ್ನೆ ಮಗಳೇ. ಜೇಮ್ಸ್ ಲೈಟ್‌ಹಿಲ್ ಎಂಬ ಬ್ರಿಟಿಷ್ ಗಣಿತಜ್ಞರು 1952ರಲ್ಲಿ ಒಂದು ನಿಯಮವನ್ನು ಕಂಡುಕೊಂಡರು. ಎಂಜಿನಿನಿಂದ ಚಿಮ್ಮುವ ಗಾಳಿಯ ವೇಗ ಹೆಚ್ಚಿದಂತೆ ಅದರ ಸದ್ದಿನ ಶಕ್ತಿ ಆ ವೇಗದ ಎಂಟನೆಯ ಘಾತದಷ್ಟು ಹೆಚ್ಚುತ್ತದೆ. ವೇಗ ಎರಡರಷ್ಟಾದರೆ ಸದ್ದಿನ ಶಕ್ತಿ ಎಷ್ಟಾಗುತ್ತದೆಂದು ಎರಡನ್ನು ಎಂಟು ಸಲ ಗುಣಿಸಿ ನೋಡು: 256. ಈಗಿನ ಪ್ರಯಾಣಿಕ ವಿಮಾನಗಳ ಎಂಜಿನಿನ ಮುಂದೆ ದೊಡ್ಡ ಬೀಸಣಿಗೆ ಇರುತ್ತದೆ. ಅದು ಬಹಳಷ್ಟು ಗಾಳಿಯನ್ನು ನಿಧಾನವಾಗಿ ತಳ್ಳುತ್ತದೆ. ಕಾಂಕಾರ್ಡ್ ಎಂಜಿನಿಗೆ ಬೀಸಣಿಗೆಯಿಲ್ಲ, ಅದು ಸ್ವಲ್ಪ ಗಾಳಿಯನ್ನು ಅತಿ ವೇಗವಾಗಿ ಎಸೆಯುತ್ತದೆ. ಅಗಲವಾದ ಬೀಸಣಿಗೆ ಶಬ್ದಾತೀತ ವೇಗದಲ್ಲಿ ಗಾಳಿಗೆ ಅಡ್ಡ ನಿಂತ ಗೋಡೆಯಂತಾಗುತ್ತಿದ್ದುದರಿಂದ ಎಂಜಿನಿಯರುಗಳು ಸದ್ದನ್ನು ಒಪ್ಪಿಕೊಂಡರು.

ಪ್ರಶ್ನೆ: ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸಿ ಇಂಥ ಎಂಜಿನ್ ಒಂದನ್ನು ಕಾಲೇಜಿಗೆ ಕೊಡಿಸುವ ಉತ್ಸಾಹದಲ್ಲಿದ್ದಾರೆ. ವಿದ್ಯಾರ್ಥಿಗಳಿಗೆ ಪ್ರಯೋಜನವಾದೀತೆ, ಇಲ್ಲವೆ ದುಂದುವೆಚ್ಚವೆ?
– ಪ್ರಾಧ್ಯಾಪಕರು, ಮೈಸೂರು

ಉತ್ತರ: ಬಂದ ಪ್ರಶ್ನೆಗಳಲ್ಲಿ ನಾನು ಮನಸಾರೆ ‘ಆಗಲಿ’ ಎನ್ನುವುದು ಇದೊಂದಕ್ಕೆ, ಆದರೆ ಓಡಿಸುವ ಆಸೆ ಬಿಟ್ಟರೆ ಮಾತ್ರ. ಒಲಿಂಪಸ್ಸನ್ನು ಎಬ್ಬಿಸಲು ಹೊರಗಿನಿಂದ ಒತ್ತಡದ ಗಾಳಿಯನ್ನು ಕೊಟ್ಟು ಒಳಗಿನ ಶಾಫ್ಟನ್ನು ತಿರುಗಿಸಬೇಕು; ಇಂಧನವನ್ನು ಅಳತೆ ಮಾಡುವ ನಿಯಂತ್ರಣ ಪೆಟ್ಟಿಗೆಗಳು ಬೇಕು, ಅವು ಎಂಜಿನಿನ ಜೊತೆ ಬರುವುದು ವಿರಳ. ದಾಖಲೆ ಪುಸ್ತಕವಿಲ್ಲದ ಎಂಜಿನ್ ಇನ್ನೊಮ್ಮೆ ಹಾರುವ ಪ್ರಶ್ನೆಯಂತೂ ಇಲ್ಲ. ಬದಲಿಗೆ, ಉದ್ದಕ್ಕೆ ಕಾಲುಭಾಗ ಕತ್ತರಿಸಿ ಒಳಗನ್ನು ತೆರೆದಿಡಿ. ಕಂಪ್ರೆಸರಿನ ಕಡಿಮೆ ಒತ್ತಡದ ಏಳು ಹಂತ, ಹೆಚ್ಚು ಒತ್ತಡದ ಏಳು ಹಂತ, ಒಂದರೊಳಗೊಂದು ತೂರಿಕೊಂಡು ಬೇರೆ ಬೇರೆ ವೇಗದಲ್ಲಿ ತಿರುಗುವ ಎರಡು ಶಾಫ್ಟುಗಳು, ಹಿಂದೆ ಒಂದೊಂದೇ ಹಂತದ ಎರಡು ಟರ್ಬೈನುಗಳು. ಹದಿನಾಲ್ಕು ಹಂತದ ಕಂಪ್ರೆಸರನ್ನು ಕೇವಲ ಎರಡು ಹಂತದ ಟರ್ಬೈನ್ ಹೇಗೆ ತಿರುಗಿಸುತ್ತದೆ ಎಂದು ಒಬ್ಬ ವಿದ್ಯಾರ್ಥಿ ಅದರ ಮುಂದೆ ನಿಂತು ಕೇಳಿದರೆ, ಗಾಳಿಯನ್ನು ಒತ್ತುವುದು ಕಷ್ಟ, ಹಿಗ್ಗಲು ಬಿಡುವುದು ಸುಲಭ ಎಂಬ ಪಾಠ ಕರಿಹಲಗೆಯ ಸಹಾಯವಿಲ್ಲದೆ ಆಗಿಹೋಗುತ್ತದೆ. ಪಕ್ಕದಲ್ಲಿ ಗಾಳಿದಾರಿಯ ಮಾದರಿಯೊಂದನ್ನು ಮರದಲ್ಲಾದರೂ ಮಾಡಿಸಿ ಇಡಿ. ಅದಿಲ್ಲದೆ ಈ ಎಂಜಿನಿನ ಕಥೆ ಅರ್ಧವೂ ಆಗುವುದಿಲ್ಲ.

ಹಣ ಕೂಡಿಸುವ ಮೊದಲು ವಿದ್ಯಾರ್ಥಿಗಳನ್ನು ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೂ, ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೂ ಕರೆದುಕೊಂಡು ಹೋಗಿ. ಕಸ್ತೂರಬಾ ರಸ್ತೆಯಲ್ಲಿ ನಿಂತಿರುವ ‘ಮಾರುತ್’ ಯುದ್ಧವಿಮಾನ ಕಾಂಕಾರ್ಡ್ ಎಂಜಿನಿನ ಕಥೆಯನ್ನು ತಿರುಗುಮುರುಗಾಗಿ ಹೇಳುತ್ತದೆ. ಜರ್ಮನಿಯ ವಿಮಾನ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಬೆಂಗಳೂರಿನಲ್ಲಿ ಕುಳಿತು ಶಬ್ದಾತೀತ ವೇಗಕ್ಕೆಂದೇ ಅದನ್ನು ರೂಪಿಸಿದರು. 1961ರ ಜೂನ್ 17ರಂದು ಅದು ಮೊದಲು ಹಾರಿತು. ಅದಕ್ಕೆಂದು ಎಣಿಸಿದ್ದ ಹೆಚ್ಚು ಬಲದ ಆರ್ಫಿಯಸ್ ಎಂಜಿನ್ ಬರಬೇಕಾಗಿದ್ದದ್ದು ಒಲಿಂಪಸ್ಸಿನ ತವರಾದ ಅದೇ ಬ್ರಿಸ್ಟಲ್‌ನಿಂದ. ಆ ಎಂಜಿನಿನ ಅಭಿವೃದ್ಧಿ ಅರ್ಧಕ್ಕೇ ನಿಂತಿತು. ಬೇರೆ ತಕ್ಕ ಎಂಜಿನ್ ಸಿಗದೆ, ಕಡಿಮೆ ಬಲದ ಆರ್ಫಿಯಸ್ ಎರಡನ್ನು ಕಟ್ಟಿಕೊಂಡು 147 ಮಾರುತ್‌ಗಳು ಶಬ್ದದ ವೇಗದ ಈಚೆಯೇ ಉಳಿದವು. ಎಂಜಿನಿಗಾಗಿ ಕಾದ ವಿಮಾನವನ್ನು ಅಲ್ಲಿ ನೋಡಿ ಬಂದ ಮೇಲೆ, ವಿಮಾನ ಕಳೆದುಕೊಂಡ ಎಂಜಿನನ್ನು ನಿಮ್ಮ ಕಾಲೇಜಿನಲ್ಲಿ ನೋಡಿದರೆ ಎರಡೂ ಚೆನ್ನಾಗಿ ಅರ್ಥವಾಗುತ್ತವೆ.

ಇನ್ನು ಖರ್ಚಿನ ವಿವರ. ಬೆಲೆಯ ಜೊತೆಗೆ ಹಡಗಿನ ಬಾಡಿಗೆ, ಆಮದು ಸುಂಕ, ಎತ್ತಿ ಇಳಿಸುವ ಕ್ರೇನ್, ಕತ್ತರಿಸುವ ಕೂಲಿ, ಮೂರು ಟನ್ ತಾಳುವ ಪೀಠ ಇವನ್ನೆಲ್ಲ ಸೇರಿಸಿ. ಸಮುದ್ರದ ಗಾಳಿ ಹಿಡಿಯದಂತೆ ಎಣ್ಣೆ ಸವರಿ, ತೇವ ಹೀರುವ ಪುಡಿಯಿಟ್ಟು ಮುಚ್ಚಿದ ಪೆಟ್ಟಿಗೆಯಲ್ಲಿಯೇ ತರಿಸಿ. ಎಂಜಿನಿನ ಅಡ್ಡಳತೆಯನ್ನು ಮೇಲೆಯೇ ಕೊಟ್ಟಿದ್ದೇನೆ. ನಿಮ್ಮ ಪ್ರಯೋಗಾಲಯದ ಬಾಗಿಲಿನ ಅಗಲವೆಷ್ಟೆಂಬುದನ್ನು ಪತ್ರದಲ್ಲಿ ತಿಳಿಸಿಲ್ಲ.